ಎಸ್ಸೆಸ್ಸೆಲ್ಸಿ ಮುಗಿಯಿತು, ಈಗ ಹದಿನೈದು. ರಜೆಯಲ್ಲಿ ಮಾಡೋಕೆ ಯಾವ ಕೆಲಸ ಸರಿ?

ತುಂಗೆದಡ · ಏಪ್ರಿಲ್ 8

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವನು. ಮೊನ್ನೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯಿತು. ಫೆಬ್ರವರಿಯಲ್ಲಿ ಹದಿನೈದು ತುಂಬಿತು. ಪಿಯುಸಿ ಶುರುವಾಗೋ ತನಕ ಮನೆಯಲ್ಲಿ ಸುಮ್ನೆ ಕೂರಬೇಕು. ಒಂದು ಸೆಕೆಂಡ್ ಹ್ಯಾಂಡ್ ಗೇರ್ ಸೈಕಲ್ ನೋಡಿಟ್ಟಿದ್ದೇನೆ, ಆರು ಸಾವಿರ ಹೇಳುತ್ತಿದ್ದಾರೆ. ಅಪ್ಪನ ಹತ್ತಿರ ಕೇಳೋಕೆ ಮನಸ್ಸಿಲ್ಲ. ನಾನೇ ದುಡಿದು ತಗೋಬೇಕು ಅಂತ ಆಸೆ.

ಸದ್ಯಕ್ಕೆ ನಾಲ್ಕು ಕೆಲಸ ಕಣ್ಣಿಗೆ ಬಿದ್ದಿವೆ. ಗೆಳೆಯನ ಅಣ್ಣ ಕ್ಯಾಟರಿಂಗ್‌ಗೆ ಬಾ ಅನ್ನುತ್ತಾನೆ. ರಿಸೆಪ್ಶನ್‌ನಲ್ಲಿ ಬಡಿಸಿದರೆ ರಾತ್ರಿಗೆ 500 ರೂಪಾಯಿ, ಊಟ ಫ್ರೀ. ಇನ್ನೊಂದು, ಪೇಪರ್ ಹಾಕೋದು. ನಮ್ಮ ಬೀದಿಯ ಬೇಕರಿಯವರಿಗೆ ಸ್ಕೂಟಿಯಲ್ಲಿ ಆರ್ಡರ್ ಕೊಟ್ಟು ಬರೋಕೆ ಹುಡುಗ ಬೇಕಂತೆ. ಕೊನೆಯದು ಟೆಲಿಗ್ರಾಮ್‌ನಲ್ಲಿ ಬಂದ ಟೈಪಿಂಗ್ ಕೆಲಸ. ಮನೆಯಲ್ಲೇ ಕೂತು ದಿನಕ್ಕೆ 800. ಆದರೆ ಮೊದಲು 999 ಕಟ್ಟಿ ರಿಜಿಸ್ಟರ್ ಆಗಬೇಕಂತೆ.

ಅಪ್ಪನಿಗೆ ಯಾವುದೂ ಇಷ್ಟ ಇಲ್ಲ. "ನಮ್ಮ ಮನೆ ಹುಡುಗ ಹೋಗಿ ಇನ್ನೊಬ್ಬರ ಎಂಜಲೆಲೆ ಎತ್ತೋದಾ" ಅಂತಾರೆ. ಅಮ್ಮ ಬಾಯೇ ಬಿಡುತ್ತಿಲ್ಲ. ಏನು ಮಾಡಲಿ?

ಮಂಡ್ಯದಕ್ಕ · ಏಪ್ರಿಲ್ 8

ತಮ್ಮಾ, ಟೆಲಿಗ್ರಾಮ್‌ನವರನ್ನು ಈಗಲೇ ಬ್ಲಾಕ್ ಮಾಡು. ಕೆಲಸ ಕೊಡುವವರು ದುಡ್ಡು ಕೊಡಬೇಕು, ಕೇಳಬಾರದು. ಉಳಿದಿದ್ದು ಆಮೇಲೆ ಮಾತಾಡೋಣ.

ಅಡಿಕೆಚೀಲ · ಏಪ್ರಿಲ್ 8

ಅಕ್ಕ ಹೇಳಿದ್ದು ಸರಿ. 999 ಹೋದರೆ ಹೋಗಲಿ ಅಂದುಕೊಳ್ಳಬೇಡ, ಅದು ಬರೀ ಶುರು. ನನ್ನ ಚಿಕ್ಕಮ್ಮನ ಮಗಳಿಗೆ ಹೀಗೇ ಆಯಿತು. ಸ್ಕ್ಯಾನ್ ಮಾಡಿದ ಪುಟ ಕಳಿಸುತ್ತಾರೆ, ಅಕ್ಷರವೇ ಕಾಣೋದಿಲ್ಲ. ಕಣ್ಣು ಕೆಂಪು ಮಾಡಿಕೊಂಡು ಟೈಪ್ ಮಾಡಿ ಕಳಿಸಿದರೆ "ತಪ್ಪು ಜಾಸ್ತಿ ಇದೆ, ಅಗ್ರಿಮೆಂಟ್ ಮುರಿದಿದ್ದೀರಿ, 6,000 ಕಟ್ಟಿ, ಇಲ್ಲ ಅಂದರೆ ಕೋರ್ಟಿಗೆ ಬನ್ನಿ" ಅಂತ ಫೋನು. ಜೊತೆಗೆ ವಾಟ್ಸಾಪ್‌ಗೆ ಸೀಲು ಒತ್ತಿದ ಲಾಯರ್ ನೋಟಿಸ್. ಪಾಪ, ಹುಡುಗಿ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ಮನೆಯಲ್ಲಿ ಹೇಳೋಕೂ ಹೆದರಿಕೆ.

ಕರಿಕೋಟು · ಏಪ್ರಿಲ್ 8

ಆ ತಂಗಿಗೆ ಇದನ್ನು ಓದಿ ಹೇಳಿ. ಹದಿನೆಂಟು ತುಂಬದವರು ಸಹಿ ಹಾಕಿದ ಕರಾರು ನಮ್ಮ 1872ರ ಕರಾರು ಕಾಯ್ದೆಯ ಮುಂದೆ ನಿಲ್ಲೋದಿಲ್ಲ. 1903ರಲ್ಲೇ ಪ್ರಿವಿ ಕೌನ್ಸಿಲ್, ಅಂದರೆ ಬ್ರಿಟಿಷರ ಕಾಲದ ಎಲ್ಲಕ್ಕಿಂತ ಮೇಲಿನ ಕೋರ್ಟು, ಇದನ್ನು ತೀರ್ಮಾನಿಸಿದೆ. ಅಗ್ರಿಮೆಂಟೇ ಸೊನ್ನೆ ಅಂದ ಮೇಲೆ ಅದನ್ನು ಮುರಿದಿದ್ದಕ್ಕೆ ದಂಡ ಎಲ್ಲಿಂದ ಬರಬೇಕು? ದುಡ್ಡು ಕಟ್ಟಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಗಂಟೆ ಕಳೆದಷ್ಟೂ ಆ ದುಡ್ಡು ಕೈಯಿಂದ ಕೈಗೆ ಹೋಗುತ್ತದೆ.

ಇನ್ನೊಂದು ಬಲೆ ಇದೆ, ಅದು ಇದಕ್ಕಿಂತ ಕೆಟ್ಟದ್ದು. "ನಿನ್ನ ಖಾತೆಗೆ ದುಡ್ಡು ಹಾಕುತ್ತೇವೆ, ಕಮಿಷನ್ ಇಟ್ಟುಕೊಂಡು ಉಳಿದಿದ್ದನ್ನು ಈ ನಂಬರಿಗೆ ಕಳಿಸು." ಅದನ್ನೂ ಪಾರ್ಟ್ ಟೈಮ್ ಕೆಲಸ ಅಂತಲೇ ಕರೆಯುತ್ತಾರೆ. ಅದು ಯಾರದೋ ಮನೆಯಿಂದ ಕದ್ದ ದುಡ್ಡು. ಪೊಲೀಸರು ಮೊದಲು ಬಂದು ಬಾಗಿಲು ತಟ್ಟೋದು ಖಾತೆ ಯಾರ ಹೆಸರಲ್ಲಿದೆಯೋ ಅವರ ಮನೆಯದು.

ತುಂಗೆದಡ · ಏಪ್ರಿಲ್ 8

ಬ್ಲಾಕ್ ಮಾಡಿದೆ. ಥ್ಯಾಂಕ್ಸ್. ಆಧಾರ್ ಫೋಟೋ ಕೇಳಿದ್ದರು, ಪುಣ್ಯಕ್ಕೆ ಕಳಿಸಿರಲಿಲ್ಲ.

ಪೇಪರ್‌ಸೀನ · ಏಪ್ರಿಲ್ 9

ಪೇಪರ್ ಅಂದ ತಕ್ಷಣ ಬಂದೆ ನೋಡಿ. ಏಳನೇ ಕ್ಲಾಸಿನಿಂದ ಪಿಯುಸಿ ತನಕ ಮೈಸೂರಿನ ಸರಸ್ವತಿಪುರಂ ಸುತ್ತ ಪೇಪರ್ ಹಾಕಿದವನು ನಾನು. ಈಗ ವಯಸ್ಸು ನಲವತ್ತಾರು. ಇವತ್ತಿಗೂ ನಾಲ್ಕೂವರೆಗೆ ಎಚ್ಚರ ಆಗುತ್ತದೆ, ಏನು ಮಾಡಿದರೂ ಹೋಗಲಿಲ್ಲ.

ಕೆಲಸ ಹೇಗಿರುತ್ತೆ ಅಂತ ಹೇಳುತ್ತೇನೆ. ಕತ್ತಲಲ್ಲೇ ವ್ಯಾನ್ ಬಂದು ಬಂಡಲ್ ಎಸೆದು ಹೋಗುತ್ತದೆ. ಬಾಗಿಲು ಹಾಕಿದ ಅಂಗಡಿಯ ಜಗಲಿಯ ಮೇಲೆ ಕೂತು ಪುರವಣಿ ಸೇರಿಸಬೇಕು. ಯುಗಾದಿ, ದೀಪಾವಳಿ ಬಂತು ಅಂದರೆ ಸೀರೆ ಅಂಗಡಿ ಪಾಂಪ್ಲೆಟ್ಟೂ ಸೇರಿ ಭಾರ ಎರಡು ಪಟ್ಟು. ಭಾನುವಾರ ಇಂಗ್ಲಿಷ್ ಪೇಪರ್ ಹಾಕೋ ಲೈನ್ ಸಿಕ್ಕಿದರೆ ಸೈಕಲ್ ಹ್ಯಾಂಡಲ್ಲೇ ಮಾತು ಕೇಳೋದಿಲ್ಲ. ಯಾರ ಮನೆಗೆ ಯಾವ ಪೇಪರ್ ಅನ್ನೋದು ವಾರದಲ್ಲಿ ಬಾಯಿಪಾಠ ಆಗುತ್ತದೆ. ಯಾವ ಬೀದಿ ನಾಯಿಗೆ ಬಿಸ್ಕತ್ ಹಾಕಬೇಕು ಅನ್ನೋದು ಎರಡನೇ ವಾರ. ಮೊದಲ ಮಹಡಿಗೆ ಎಸೆಯೋಕೆ ಪೇಪರನ್ನು ಮೂರು ಮಡಿಕೆ ಮಾಡಿ ಒಂದರೊಳಗೆ ಒಂದು ಸಿಕ್ಕಿಸಬೇಕು. ನನ್ನ ಗುರಿ ತಪ್ಪಿ ಒಮ್ಮೆ ಒಬ್ಬರ ಮನೆಯ ತುಳಸಿ ಕುಂಡ ಉರುಳಿತ್ತು. ಆ ಅಜ್ಜಿ ನಾನು ಕೆಲಸ ಬಿಡೋ ತನಕ ನನ್ನನ್ನು "ಕುಂಡ" ಅಂತಲೇ ಕರೆದರು.

ಕಷ್ಟದ ಕೆಲಸ ಎಸೆಯೋದಲ್ಲ, ಬಿಲ್ ವಸೂಲಿ. ತಿಂಗಳ ಮೊದಲ ವಾರ ಮನೆ ಮನೆ ಸುತ್ತಬೇಕು. ದೊಡ್ಡ ಗೇಟಿನ ಮನೆಯವರೇ "ನಾಳೆ ಬಾರೋ" ಅನ್ನೋದು ಜಾಸ್ತಿ. ಹದಿಮೂರು ವಯಸ್ಸಿಗೆ ಜನರನ್ನು ಓದೋದು ಕಲಿತೆ. ಅದು ಒಳ್ಳೆಯದೋ ಕೆಟ್ಟದ್ದೋ ಈಗಲೂ ಗೊತ್ತಿಲ್ಲ.

ಸಂಬಳದಲ್ಲಿ ಸೈಕಲ್ ಬರುತ್ತಾ? ನಿಧಾನಕ್ಕೆ ಬರುತ್ತದೆ. ಎರಡು ತಿಂಗಳಲ್ಲಿ ಆರು ಸಾವಿರ ಕಷ್ಟ.

ಚಿಕ್ಕಮಗಳೂರು ಕಾಫಿ · ಏಪ್ರಿಲ್ 9

ಅಬ್ದುಲ್ ಕಲಾಂ ಅವರೂ ಪೇಪರ್ ಹಾಕಿದವರು. ಮಾಡು ತಮ್ಮಾ, ಯಾವ ಕೆಲಸವೂ ಕೀಳಲ್ಲ!

ಪೇಪರ್‌ಸೀನ · ಏಪ್ರಿಲ್ 9

ಬಂತು ನೋಡಿ. ಕಲಾಂ ಹೆಸರು ಇನ್ನೂ ಯಾಕೆ ಬರಲಿಲ್ಲ ಅಂತ ಕಾಯುತ್ತಿದ್ದೆ. ಸಾರ್, ನಾವು ನಾಲ್ಕು ಜನ ಒಟ್ಟಿಗೆ ಪೇಪರ್ ಹಾಕುತ್ತಿದ್ದೆವು. ಒಬ್ಬನೂ ರಾಷ್ಟ್ರಪತಿ ಆಗಲಿಲ್ಲ. ಒಬ್ಬ ಮಾತ್ರ ಏಜೆಂಟ್ ಆದ.

ನಿವೃತ್ತ ಇನ್ಸ್‌ಪೆಕ್ಟರ್ · ಏಪ್ರಿಲ್ 9

ಕಾರ್ಮಿಕ ಇಲಾಖೆಯಲ್ಲಿ ಕೆಲಸ ಮಾಡಿ ಮನೆಗೆ ಬಂದವನು ನಾನು. ಇಲ್ಲಿ ಎಲ್ಲರೂ ಧೈರ್ಯ ತುಂಬುತ್ತಿದ್ದೀರಿ, ಕಾನೂನು ಏನು ಹೇಳುತ್ತದೆ ಅಂತ ಯಾರೂ ಹೇಳಲಿಲ್ಲ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಹದಿನಾಲ್ಕು ತುಂಬದ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವ ಹಾಗೇ ಇಲ್ಲ. ಶಾಲೆಯ ಹೊತ್ತು ಮುಗಿದ ಮೇಲೆ, ರಜೆಯಲ್ಲಿ, ಅಪಾಯ ಇಲ್ಲದ ಮನೆಯ ಕಸುಬಿಗೆ ಕೈ ಹಾಕಬಹುದು. ಸಿನಿಮಾ, ಸೀರಿಯಲ್ಲಿನಲ್ಲಿ ಷರತ್ತಿನ ಮೇಲೆ ನಟಿಸಬಹುದು. ಮನೆಯವರು ಅಂದರೆ ಯಾರು ಅಂತಲೂ ಬಾಲಕಾರ್ಮಿಕ ಕಾಯ್ದೆಯಲ್ಲಿ ಬರೆದಿದೆ: ಅಪ್ಪ, ಅಮ್ಮ, ಅಣ್ಣತಮ್ಮ, ಅಕ್ಕತಂಗಿ, ಆಮೇಲೆ ಅಪ್ಪ ಅಮ್ಮನ ಒಡಹುಟ್ಟಿದವರು. ಕಲಾಂ ಅವರು ಪೇಪರ್ ಹಾಕಿದ್ದು ದಾಯಾದಿ ಅಣ್ಣನ ಏಜೆನ್ಸಿಗೆ. ಇವತ್ತಾಗಿದ್ದರೆ ಅದೂ ಲೆಕ್ಕಕ್ಕೆ ಬರುತ್ತಿರಲಿಲ್ಲ!

ಹದಿನಾಲ್ಕರಿಂದ ಹದಿನೆಂಟರ ತನಕ ಕಾನೂನಿನ ಬಾಯಲ್ಲಿ 'ಕಿಶೋರ'. 1986ರ ಆ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆದಾಗ ಈ ವಯಸ್ಸಿನವರನ್ನು ಸೇರಿಸಿದರು. ಗಣಿ, ಪಟಾಕಿ, ಬೆಂಕಿ ಹತ್ತುವ ಸಾಮಾನು, ಕಾರ್ಖಾನೆಯ ಅಪಾಯದ ಕೆಲಸ ಇವರಿಗೆ ಬೇಡವೇ ಬೇಡ. ಉಳಿದ ಕಡೆ ಮಾಡಬಹುದು, ಆದರೆ ಗಡಿಯಾರ ನೋಡಿಕೊಂಡು. ಒಂದೇ ಸಮನೆ ಮೂರು ಗಂಟೆಗಿಂತ ಜಾಸ್ತಿ ಕೆಲಸ ಮಾಡಿಸಬಾರದು. ನಡುವೆ ಒಂದು ಗಂಟೆ ಬಿಡುವು ಕೊಡಬೇಕು. ಬಿಡುವು, ಸುಮ್ನೆ ಕಾಯೋ ಹೊತ್ತು ಎಲ್ಲ ಸೇರಿ ದಿನಕ್ಕೆ ಆರು ಗಂಟೆ ಮೀರಬಾರದು. ಸಂಜೆ ಏಳರಿಂದ ಬೆಳಿಗ್ಗೆ ಎಂಟರ ತನಕ ಕೆಲಸ ಇಲ್ಲ. ಓವರ್‌ಟೈಮ್ ಇಲ್ಲ. ವಾರಕ್ಕೆ ಒಂದು ದಿನ ರಜೆ. ಒಂದೇ ದಿನ ಎರಡು ಕಡೆ ದುಡಿಯುವ ಹಾಗಿಲ್ಲ.

ಈಗ ನಿನ್ನ ಪಟ್ಟಿ ತೆಗೆದುಕೋ ಮಗು. ರಾತ್ರಿ ರಿಸೆಪ್ಶನ್ ಹೋಯಿತು. ಬೆಳಗಿನ ಜಾವದ ಪೇಪರ್ ಕೂಡ ಹೋಯಿತು.

ಪಟಾಕಿ ಯಾಕೆ ಒತ್ತಿ ಹೇಳಿದೆ ಅಂದರೆ, ದಸರಾ ರಜೆಯಲ್ಲಿ "ಹತ್ತು ದಿನ ಪಟಾಕಿ ಅಂಗಡಿ, ಕೈತುಂಬ ದುಡ್ಡು" ಅಂತ ಹುಡುಗರನ್ನು ಕರೆಯೋದು ನಮ್ಮ ಕಡೆ ಸಾಮಾನ್ಯ. 2023ರ ಅಕ್ಟೋಬರ್‌ನಲ್ಲಿ ಅತ್ತಿಬೆಲೆಯ ಪಟಾಕಿ ಮಳಿಗೆಗೆ ಬೆಂಕಿ ಬಿದ್ದಾಗ ಸತ್ತವರಲ್ಲಿ ಹಬ್ಬದ ಸೀಸನ್‌ಗೆ ಅಂತ ತಮಿಳುನಾಡಿನ ಊರುಗಳಿಂದ ಬಂದಿದ್ದ ಹುಡುಗರಿದ್ದರು. ಓದುತ್ತಿದ್ದವರು. ಖರ್ಚಿಗೆ ನಾಲ್ಕು ಕಾಸು ಆಗಲಿ ಅಂತ ಬಂದವರು.

ಪೇಪರ್‌ಸೀನ · ಏಪ್ರಿಲ್ 9

ಸಾರ್, ಎಂಟು ಗಂಟೆ ಮೇಲೆ ಪೇಪರ್ ಹಾಕಿದರೆ ಯಾರು ತಗೋತಾರೆ? ನಿಮ್ಮ ಮನೆಗೆ ಬೆಳಿಗ್ಗೆ ಆರಕ್ಕೆ ಪೇಪರ್ ತಂದು ಹಾಕೋ ಹುಡುಗನ ವಯಸ್ಸು ಎಷ್ಟು ಅಂತ ಕೇಳಿದ್ದೀರಾ?

ನಿವೃತ್ತ ಇನ್ಸ್‌ಪೆಕ್ಟರ್ · ಏಪ್ರಿಲ್ 9

ಒಳ್ಳೆಯ ಪೆಟ್ಟು ಕೊಟ್ಟಿರಿ. ಕೇಳಿದ್ದೆ. ಡಿಗ್ರಿ ಓದುತ್ತಿದ್ದಾನೆ. ಅವನಿಗಿಂತ ಮುಂಚೆ ಬರುತ್ತಿದ್ದವನನ್ನು ಕೇಳಿರಲಿಲ್ಲ, ಅದನ್ನೂ ಒಪ್ಪಿಕೊಳ್ಳುತ್ತೇನೆ. ಮೈಸೂರಿನಲ್ಲಿ ಸಂಜೆ ಬರುವ ಸ್ಟಾರ್ ಆಫ್ ಮೈಸೂರು ಇದೆಯಲ್ಲ, ಅಂಥದ್ದಾದರೆ ಹೊತ್ತಿನ ತಕರಾರು ಇಲ್ಲ. ಶಿವಮೊಗ್ಗದ ಹುಡುಗನಿಗೆ ಅದು ಉಪಯೋಗಕ್ಕೆ ಬರೋದಿಲ್ಲ ಅಷ್ಟೇ.

ಭದ್ರಾವತಿ ಬಸ್ · ಏಪ್ರಿಲ್ 10

ಬೇಕರಿ ಸ್ಕೂಟಿ ಬಗ್ಗೆ ಯಾರೂ ಮಾತಾಡಲಿಲ್ಲ. ತಮ್ಮಾ, ಅದನ್ನು ಮುಟ್ಟಲೇಬೇಡ. ಹದಿನಾರು ತುಂಬಿದವರಿಗೂ ಸಿಗೋದು 50 ಸಿಸಿ ಒಳಗಿನ ಗೇರ್ ಇಲ್ಲದ ಗಾಡಿಯ ಲೈಸೆನ್ಸ್ ಮಾತ್ರ. ಈಗ ರಸ್ತೆಯಲ್ಲಿ ಓಡೋ ಪೆಟ್ರೋಲ್ ಸ್ಕೂಟಿಗಳು ಹೆಚ್ಚಾಗಿ ಅದಕ್ಕಿಂತ ದೊಡ್ಡವು. ಚಿಕ್ಕ ಹುಡುಗರು ಸಿಕ್ಕಿಬಿದ್ದರೆ ಅಪ್ಪನಿಗೋ ಗಾಡಿ ಮಾಲೀಕರಿಗೋ 25,000 ದಂಡ, ಮೂರು ವರ್ಷದ ತನಕ ಜೈಲು ಕೂಡ ಆಗಬಹುದು. ಗಾಡಿಯ ರಿಜಿಸ್ಟ್ರೇಷನ್ ಒಂದು ವರ್ಷ ರದ್ದು. ನಿನಗೆ ಇಪ್ಪತ್ತೈದು ಆಗೋ ತನಕ ಲೈಸೆನ್ಸ್ ಇಲ್ಲ. ನಮ್ಮ ಪಕ್ಕದ ಮನೆಯವರು ಕೋರ್ಟಿನಲ್ಲಿ ದಂಡ ಕಟ್ಟಿ ಬಂದು ಮಗನ ಜೊತೆ ಆರು ತಿಂಗಳು ಮಾತು ಬಿಟ್ಟಿದ್ದರು. ಕೇಕ್ ತಲುಪಿಸೋಕೆ ಹೋಗಿ ಇಷ್ಟೆಲ್ಲ ಯಾಕೆ?

ತುಂಗೆದಡ · ಏಪ್ರಿಲ್ 10

ಹಾಗಾದರೆ ನಾಲ್ಕಕ್ಕೆ ನಾಲ್ಕೂ ಹೋಯಿತು. ಅಪ್ಪ ಇದನ್ನು ಓದಿದರೆ ಕುಣಿಯುತ್ತಾರೆ.

ಮಾನ್ವಿ ಮೇಷ್ಟ್ರು · ಏಪ್ರಿಲ್ 10

ಕುಣಿಯಲಿ ಬಿಡಪ್ಪ. ನಾನು ನಿಮ್ಮಪ್ಪನ ಕಡೆಯವನೇ. ರಾಯಚೂರು ಜಿಲ್ಲೆಯ ಹೈಸ್ಕೂಲ್ ಮಾಸ್ತರ ನಾನು. ನಮ್ಮ ಕಡೆ ಪಾರ್ಟ್ ಟೈಮ್ ಅನ್ನೋ ಮಾತೇ ಇಲ್ಲ ನೋಡ್ರಿ. ಹತ್ತಿ ಬಿಡಿಸುವ ಕಾಲ ಬಂದರೆ ಎಂಟನೇ ಕ್ಲಾಸಿನ ಅರ್ಧ ಬೆಂಚು ಖಾಲಿ. ಆಮೇಲೆ ಮೆಣಸಿನಕಾಯಿ. ಸುಗ್ಗಿ ಮುಗಿದ ಮೇಲೆ ಮನೆಮನೆಗೆ ಹೋಗಿ ಕರೀತೇವೆ. ಕೆಲವರು ಬರುತ್ತಾರೆ. ಇನ್ನು ಕೆಲವರು ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋದ ಅಪ್ಪ ಅಮ್ಮನ ಹಿಂದೆ ಹೋಗಿಬಿಟ್ಟಿರುತ್ತಾರೆ.

ಎಸ್ಸೆಸ್ಸೆಲ್ಸಿ ಬರೆದ ಹುಡುಗ ರಜೆಯಲ್ಲಿ ಎರಡು ತಿಂಗಳು ದುಡಿದ ಅಂತ ಇಟ್ಟುಕೊಳ್ಳಿ. ಕೈಯಲ್ಲಿ ಹತ್ತು ಸಾವಿರ ಬಂತು. ಜೂನ್‌ನಲ್ಲಿ ಅಂಗಡಿಯ ಸಾಹುಕಾರ "ಇನ್ನೊಂದು ತಿಂಗಳು ಇರು, ನೂರು ರೂಪಾಯಿ ಜಾಸ್ತಿ ಕೊಡುತ್ತೇನೆ" ಅಂತಾನೆ. ಮನೆಯಲ್ಲೂ ಯಾರೂ ಬೇಡ ಅನ್ನೋದಿಲ್ಲ. ಹಂಗೇ ಕಾಲೇಜು ತಪ್ಪಿತು. ನನ್ನ ಕಣ್ಣೆದುರಿಗೇ ಎಷ್ಟೋ ಹುಡುಗರು ಹೀಗೆ ಹೋದರು, ಫೇಲಾದವರಲ್ಲ, ಚೆನ್ನಾಗಿ ಓದುತ್ತಿದ್ದವರು. ಅನುಭವ, ಸ್ವಾವಲಂಬನೆ ಅನ್ನೋದೆಲ್ಲ ಹೊಟ್ಟೆ ತುಂಬಿದವರ ಮನೆಯ ಮಾತು. ಸಿಟ್ಟು ಮಾಡಿಕೋಬೇಡಿ.

ಮಂಡ್ಯದಕ್ಕ · ಏಪ್ರಿಲ್ 10

ಸಿಟ್ಟು ಏನಿಲ್ಲ ಮೇಷ್ಟ್ರೇ. ಆದರೆ ಈ ಹುಡುಗ ಹೊಟ್ಟೆಪಾಡಿಗೆ ಹೋಗುತ್ತಿಲ್ಲ, ಸೈಕಲ್‌ಗೆ ಹೋಗುತ್ತಿದ್ದಾನೆ. ಎರಡೂ ಒಂದೇ ಅಂದರೆ ಹೇಗೆ? ನನ್ನ ಮಗ ಇಪ್ಪತ್ತೆರಡು ವರ್ಷಕ್ಕೆ ಮೊದಲ ಕೆಲಸಕ್ಕೆ ಹೋದ. ಮೊದಲ ವಾರ ಮ್ಯಾನೇಜರ್ ಗದರಿದ ಅಂತ ಅಳುತ್ತಾ ಫೋನ್ ಮಾಡಿದ. ಹದಿನೈದರಲ್ಲಿ ಯಾರದಾದರೂ ಅಂಗಡಿಯಲ್ಲಿ ಒಂದು ತಿಂಗಳು ನಿಂತಿದ್ದರೆ ಆ ಅಳು ಆಗಲೇ ಮುಗಿದಿರುತ್ತಿತ್ತು ಅನ್ನಿಸಿತು.

ಮಾನ್ವಿ ಮೇಷ್ಟ್ರು · ಏಪ್ರಿಲ್ 10

ನೀವು ಹೇಳೋದೂ ಖರೆ. ಹಾಗಿದ್ದರೆ ಒಂದು ಮಾತು: ಬಿಡೋ ತಾರೀಕು ಗೊತ್ತು ಮಾಡಿಕೊಂಡೇ ಸೇರಲಿ. ಮೇ 31 ಅಂದರೆ ಮೇ 31.

ಅಡಿಕೆಚೀಲ · ಏಪ್ರಿಲ್ 11

ನಮ್ಮ ಸಾಗರದ ಕಡೆ ಮಕ್ಕಳ ಮೊದಲ ಸಂಪಾದನೆ ಅಂದರೆ ಅಡಿಕೆ ಸುಲಿಯೋದು. ಮೆಟ್ಟುಗತ್ತಿ, ಅಂದರೆ ಕತ್ತಿ ಕೂರಿಸಿದ ಮಣೆ, ಅದರ ಮೇಲೆ ಕೂತು ಸುಲಿದರೆ ಡಬ್ಬದ ಲೆಕ್ಕದಲ್ಲಿ ದುಡ್ಡು. ರಾತ್ರಿ ಹತ್ತಿಪ್ಪತ್ತು ಜನ ಸುತ್ತ ಕೂತು ಸುಲಿಯುತ್ತಿದ್ದರು. ನಡುನಡುವೆ ಚಹಾ, ಊರಿನ ಸುದ್ದಿ, ಯಕ್ಷಗಾನದ ಜಗಳ. ನಾನು ಎಂಟನೇ ಕ್ಲಾಸಿನಲ್ಲಿ ಎಡಗೈ ಹೆಬ್ಬೆರಳು ಕುಯ್ದುಕೊಂಡೆ, ಗುರುತು ಇನ್ನೂ ಇದೆ. ದುಡ್ಡಿಗಿಂತ ಆ ಮಾತಿನ ರುಚಿಗೇ ಹೋಗುತ್ತಿದ್ದೆ ಅನ್ನಿ. ಇನ್ಸ್‌ಪೆಕ್ಟರ್ ಸಾರ್ ಲೆಕ್ಕದಲ್ಲಿ ಅದೂ ತಪ್ಪೇ ಇರಬೇಕು. ಈಗ ಬಹಳ ಕಡೆ ಮಷೀನ್ ಬಂದಿದೆ. ಬೇಸಿಗೆಯಲ್ಲಿ ಆ ಕೆಲಸವೂ ಇರೋದಿಲ್ಲ.

ಸುಮ್ನೆ ನೆನಪಾಯಿತು, ಬರೆದೆ.

ಹಾಸನದ ಮಲ್ಲಿಗೆ · ಏಪ್ರಿಲ್ 11

ನಾನೂ ಕೇಳಬಹುದಾ? ನನಗೆ ಹದಿನಾಲ್ಕು ಮುಗಿದಿದೆ. ಮನೆಯಿಂದ ಹೊರಗೆ ಕೆಲಸಕ್ಕೆ ಕಳಿಸೋದಿಲ್ಲ. ಹುಡುಗಿಯರಿಗೆ ಮನೆಯಲ್ಲೇ ಮಾಡೋ ಅಂಥದ್ದು ಏನಾದರೂ ಇದೆಯಾ? ಆನ್‌ಲೈನ್ ಬೇಡ, ಮೇಲೆ ಓದಿ ಭಯ ಆಯಿತು.

ವೇದಿಕೆ ನಿರ್ವಾಹಕರು · ಏಪ್ರಿಲ್ 11

ಇಬ್ಬರು ಮಕ್ಕಳಿಗೂ ಒಂದು ಮಾತು. ಇಲ್ಲಿ ಫೋನ್ ನಂಬರ್, ಶಾಲೆಯ ಹೆಸರು, ಮನೆಯ ಬೀದಿ ಬರೆಯಬೇಡಿ. ಯಾರಾದರೂ ಖಾಸಗಿ ಮೆಸೇಜಿನಲ್ಲಿ ಕೆಲಸ ಕೊಡುತ್ತೇನೆ ಅಂದರೆ ನಮಗೆ ತಿಳಿಸಿ.

ಕುಚ್ಚು ಕಲಾವಿದೆ · ಏಪ್ರಿಲ್ 12

ಮಲ್ಲಿಗೆ ಪುಟ್ಟಾ, ಸೀರೆಗೆ ಕುಚ್ಚು ಹಾಕೋದು ಕಲಿ. ನಾನು ಒಂಬತ್ತನೇ ಕ್ಲಾಸಿನ ರಜೆಯಲ್ಲಿ ಶುರು ಮಾಡಿದ್ದು. ಈಗ ಅದರಲ್ಲೇ ಮನೆ ನಡೆಯುತ್ತಿದೆ.

ಬೇಕಾಗಿದ್ದು ರೇಷ್ಮೆ ದಾರ, ಸೂಜಿ, ಕ್ರೋಶಾ ಕಡ್ಡಿ, ಬಾಚಣಿಗೆ, ಬೆಳಕು ಇರೋ ಕಿಟಕಿ. ಮೊದಲು ಹಳೇ ವೇಲ್ ಮೇಲೆ ಅಭ್ಯಾಸ ಮಾಡು. ಆಮೇಲೆ ಅಮ್ಮನ ದಿನಾ ಉಡೋ ಸೀರೆ. ಆಮೇಲೆ ಪಕ್ಕದ ಮನೆ ಆಂಟಿಯದು, ಅದೂ ಫ್ರೀಯಾಗಿ. ಮೂರು ಸೀರೆ ನೋಡಿದವರು ನಾಲ್ಕನೆಯದನ್ನು ದುಡ್ಡು ಕೊಟ್ಟು ತರುತ್ತಾರೆ. ನಾನು ಸಾದಾ ಕುಚ್ಚಿಗೆ 80 ರೂಪಾಯಿಂದ ಶುರು ಮಾಡಿದೆ. ಮಣಿ ಹಾಕಿದ್ದಕ್ಕೆ 200. ದಾರದ ದುಡ್ಡು ಮಾತ್ರ ಮೊದಲೇ ಇಸಕೋ, ನಾಚಿಕೆ ಮಾಡಿಕೋಬೇಡ. ನಾಚಿಕೊಂಡು ನಾನು ಮೊದಲ ವರ್ಷ ಕಳೆದುಕೊಂಡ ದಾರದಲ್ಲಿ ಒಂದು ಸೀರೆಯೇ ನೇಯಬಹುದಿತ್ತು.

ಮದುವೆ ಸೀರೆ ಮಾತ್ರ ಒಂದು ವರ್ಷ ಮುಟ್ಟಬೇಡ. ಇಪ್ಪತ್ತು ಸಾವಿರದ ಸೀರೆಯ ಸೆರಗಿಗೆ ಕತ್ತರಿ ತಾಗಿತು ಅಂದರೆ ನಿನ್ನ ವರ್ಷದ ಸಂಪಾದನೆ ಅಲ್ಲೇ ಹೋಯಿತು. ನನಗೆ ತಾಗಿಲ್ಲ. ನನ್ನ ಗೆಳತಿಗೆ ತಾಗಿತು. ಆ ಮದುವೆಗೆ ಇವಳನ್ನು ಕರೆದಿದ್ದರು ಬೇರೆ.

ಕಣ್ಣಿಗೆ ಒಳ್ಳೆಯದಲ್ಲ, ಅದನ್ನೂ ಹೇಳಿಬಿಡುತ್ತೇನೆ. ರಾತ್ರಿ ಹಾಕಬೇಡ. ಬೇಸರ ಆದರೆ ಬೀದಿಯ ಚಿಕ್ಕ ಮಕ್ಕಳಿಗೆ ಮಗ್ಗಿ, ಕಾಗುಣಿತ ಹೇಳಿಕೊಡು. ರಜೆಯಲ್ಲಿ ಅಮ್ಮಂದಿರು ಯಾರಾದರೂ ಸಿಕ್ಕಿದರೆ ಸಾಕು ಅಂತ ಕಾಯುತ್ತಿರುತ್ತಾರೆ.

ಹಾಸನದ ಮಲ್ಲಿಗೆ · ಏಪ್ರಿಲ್ 12

ಅಕ್ಕಾ, ಬಾಚಣಿಗೆ ಯಾಕೆ?

ಕುಚ್ಚು ಕಲಾವಿದೆ · ಏಪ್ರಿಲ್ 12

ಸೆರಗಿನ ಎಳೆ ಬಿಡಿಸಿ ನೇರ ಮಾಡೋಕೆ ಪುಟ್ಟಾ. ತಲೆ ಬಾಚೋದು ಬೇರೆ ಇಟ್ಟುಕೋ!

ಡಲ್ಲಾಸ್ ಕನ್ನಡತಿ · ಏಪ್ರಿಲ್ 13

ಇದನ್ನೆಲ್ಲ ಓದುತ್ತಾ ನಮ್ಮ ಮನೆಯ ಕಥೆ ನೆನಪಾಗುತ್ತಿದೆ. ಇಲ್ಲಿ ಅಮೆರಿಕದಲ್ಲಿ ಹದಿನಾಲ್ಕಕ್ಕೇ ಮಕ್ಕಳು ಕೆಲಸಕ್ಕೆ ಹೋಗುತ್ತಾರೆ, ಯಾರೂ ಎಲೆ ಎತ್ತೋದಾ ಅಂತ ಕೇಳೋದಿಲ್ಲ. ಹದಿನಾಲ್ಕು ಹದಿನೈದರವರಿಗೆ ಶಾಲೆಯ ದಿನ ಮೂರು ಗಂಟೆ, ಶಾಲೆ ನಡೆಯೋ ವಾರಕ್ಕೆ ಹದಿನೆಂಟು ಗಂಟೆ ಅಂತ ಮಿತಿ. ಹದಿನೈದಾದರೆ ಈಜುಕೊಳದಲ್ಲಿ ಲೈಫ್‌ಗಾರ್ಡ್ ಕೂಡ ಆಗಬಹುದು. ಮಗನ ಗೆಳೆಯರೆಲ್ಲ ಬೇಸಿಗೆಯಲ್ಲಿ ಅದೇ ಮಾಡುತ್ತಾರೆ.

ನನ್ನ ಮಗ ಮಾಡುವ ಹಾಗಿಲ್ಲ. ನಮ್ಮದು ಎಚ್-1ಬಿ ಅನ್ನೋ ಕೆಲಸದ ವೀಸಾ, ಅವನದು ಅಂಥವರ ಮನೆಯವರಿಗೆ ಕೊಡೋ ಎಚ್-4. ಆ ವೀಸಾದ ಮಕ್ಕಳಿಗೆ ಸಂಬಳದ ಕೆಲಸವೇ ಇಲ್ಲ. ಐಸ್‌ಕ್ರೀಮ್ ಅಂಗಡಿಯವರು ಬಾ ಅಂದಿದ್ದರು, ಫಾರ್ಮ್ ತುಂಬೋ ಹೊತ್ತಿಗೆ ಗೊತ್ತಾಗಿ ವಾಪಸ್ ಬಂದ. ಎರಡು ದಿನ ರೂಮಿನಿಂದ ಹೊರಗೆ ಬರಲಿಲ್ಲ. ಇಲ್ಲೇ ಬೆಳೆದ ಮಗುವಿಗೆ ಇದನ್ನು ಹೇಗೆ ಬಿಡಿಸಿ ಹೇಳೋದು? ಈಗ ಭಾನುವಾರ ಕನ್ನಡ ಶಾಲೆಯಲ್ಲಿ ಚಿಕ್ಕವರಿಗೆ ಅ ಆ ಇ ಈ ತಿದ್ದಿಸುತ್ತಾನೆ, ಸಂಬಳ ಇಲ್ಲದೆ. ಅವನ 'ಳ' ನನ್ನದಕ್ಕಿಂತ ಚೆನ್ನಾಗಿದೆ.

ಗಾಂಧಿಬಜಾರ್ ಅಂಗಡಿ · ಏಪ್ರಿಲ್ 14

ನಾನು ಪುಸ್ತಕ, ಸ್ಟೇಷನರಿ ಅಂಗಡಿ ಇಟ್ಟವನು. ನಮ್ಮ ಕಡೆಯಿಂದ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ.

ಮೊದಲನೆಯದು, ನಮಗೂ ಹೆದರಿಕೆ ಇದೆ. "ಇಲ್ಲಿ ಬಾಲಕಾರ್ಮಿಕರು ಇಲ್ಲ" ಅಂತ ಬೋರ್ಡ್ ಹಾಕಿಕೊಂಡಿರುತ್ತೇವೆ. ಹದಿನಾಲ್ಕು ತುಂಬದವರನ್ನು ಇಟ್ಟುಕೊಂಡು ಸಿಕ್ಕಿಬಿದ್ದರೆ 20,000ದಿಂದ 50,000 ದಂಡ, ಇಲ್ಲವೇ ಆರು ತಿಂಗಳಿಂದ ಎರಡು ವರ್ಷ ಜೈಲು, ಎರಡೂ ಆಗಬಹುದು. ಮೀಸೆ ಮೂಡದ ಹುಡುಗ ಬಂದು ಕೆಲಸ ಕೇಳಿದರೆ ನಾವು ಇಲ್ಲ ಅನ್ನೋದು ಅದಕ್ಕೆ. ಹಾಗಾಗಿ ವಯಸ್ಸಿನ ದಾಖಲೆಯ ಜೆರಾಕ್ಸ್ ಜೇಬಿನಲ್ಲಿ ಇಟ್ಟುಕೊಂಡು ಹೋಗು. ಜೊತೆಗೆ ಅಪ್ಪನೋ ಅಮ್ಮನೋ ಒಬ್ಬರು ಬರಲಿ. ಮನೆಯವರು ಬಂದರೆ ಹುಡುಗ ಓಡಿ ಬಂದವನಲ್ಲ ಅಂತ ನಮಗೂ ಸಮಾಧಾನ.

ಸಂಜೆ ಆರಕ್ಕೆ ಗಿರಾಕಿಗಳು ತುಂಬಿರುವಾಗ ಬಂದು ಕೇಳಬೇಡ, ಬೈಗುಳ ತಿನ್ನುತ್ತೀಯ. ಬೆಳಿಗ್ಗೆ ಹನ್ನೊಂದೋ ಮಧ್ಯಾಹ್ನ ಮೂರೋ ಒಳ್ಳೆಯ ಹೊತ್ತು. "ಏನಾದರೂ ಕೆಲಸ ಇದೆಯಾ" ಅಂತ ಕೇಳಿದರೆ ಇಲ್ಲ ಅನ್ನೋದು ಸುಲಭ. "ಇಂಥ ತಾರೀಕಿಂದ ಇಂಥ ತಾರೀಕಿನ ತನಕ ಬಿಡುವಿದ್ದೇನೆ, ಹತ್ತರಿಂದ ನಾಲ್ಕು ಬರಬಹುದು" ಅನ್ನು. ಮೇಷ್ಟ್ರು ಹೇಳಿದ್ದು ನಮಗೂ ಅನುಕೂಲವೇ.

ಸಂಬಳ ದಿನದ್ದೋ ವಾರದ್ದೋ ಮೊದಲೇ ಕೇಳು. ತಿಂಗಳಿಗೆ ಅಂದರೆ ಬೇಡ ಅನ್ನು. ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ಬಂದ ಹೊತ್ತು, ಹೋದ ಹೊತ್ತು, ಕೊಟ್ಟ ದುಡ್ಡು ಬರೆದಿಡು. ಗಲ್ಲಾದ ಹತ್ತಿರ ಮಾತ್ರ ಕೂರಬೇಡ, ಕೂರು ಅಂದರೂ ಕೂರಬೇಡ. ನಾನು ಹದಿನಾರಕ್ಕೆ ಒಂದು ಬಟ್ಟೆ ಅಂಗಡಿಯಲ್ಲಿ ಇದ್ದೆ. ಗಲ್ಲಾದಲ್ಲಿ 300 ಕಡಿಮೆ ಬಂತು ಅಂತ ನನ್ನ ಸಂಬಳದಲ್ಲಿ ಹಿಡಿದರು. ನಾಲ್ಕು ಜನ ಮುಟ್ಟುವ ಗಲ್ಲಾ ಅದು. ಕಳ್ಳ ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಮಾರನೇ ದಿನದಿಂದ ಹಿರಿಯ ಸೇಲ್ಸ್‌ಮನ್ ನನ್ನ ಜೇಬು ನೋಡುತ್ತಿದ್ದ. ಮೂವತ್ತು ವರ್ಷ ಆಯಿತು. ಆ ಬೀದಿಯಲ್ಲಿ ನಡೆಯುವಾಗ ಈಗಲೂ ಆಚೆ ಬದಿಗೆ ದಾಟುತ್ತೇನೆ.

ಇನ್ನು ಕೆಲಸ ಎಲ್ಲಿದೆ? ಏಪ್ರಿಲ್ ಕೊನೆಯಿಂದ ಜೂನ್ ತನಕ ನೋಟ್‌ಬುಕ್ ಸೀಸನ್. ಊರಿನ ಯಾವ ಸ್ಟೇಷನರಿ ಅಂಗಡಿಗೆ ಹೋದರೂ ಕೈ ಸಾಲದು. ಬಂಡಲ್ ಎಣಿಸೋದು, ಕ್ಲಾಸಿನ ಪಟ್ಟಿ ನೋಡಿ ಸೆಟ್ ಕಟ್ಟೋದು, ಬೈಂಡ್ ಹಾಕೋದು, ಲೇಬಲ್ ಅಂಟಿಸೋದು. ಬೆಂಕಿ ಇಲ್ಲ, ಮಷೀನ್ ಇಲ್ಲ, ರಾತ್ರಿ ಇಲ್ಲ. ಹತ್ತನೇ ಕ್ಲಾಸ್ ಮುಗಿಸಿದವನಿಗೆ ಯಾವ ಪುಸ್ತಕ ಯಾವ ಗೆರೆಯದ್ದು ಅಂತ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ನನ್ನ ಅಂಗಡಿಗೇ ಬಾ ಅಂತ ಇಲ್ಲಿ ಕರೆಯೋದಿಲ್ಲ, ನಿರ್ವಾಹಕರು ಬೈಯುತ್ತಾರೆ. ನಿಮ್ಮ ಮನೆಯವರಿಗೆ ಪರಿಚಯ ಇರೋ ಅಂಗಡಿ ನೋಡಿಕೋ.

ನಿವೃತ್ತ ಇನ್ಸ್‌ಪೆಕ್ಟರ್ · ಏಪ್ರಿಲ್ 14

ಹತ್ತರಿಂದ ಒಂದು, ಒಂದು ಗಂಟೆ ಊಟ, ಎರಡರಿಂದ ನಾಲ್ಕು. ಸರಿಯಾಗಿ ಆರು ಗಂಟೆ. ಇಂಥ ನಾಲ್ಕು ಅಂಗಡಿಯವರು ಇದ್ದಿದ್ದರೆ ನನ್ನ ಬಿಪಿ ಕಡಿಮೆ ಇರುತ್ತಿತ್ತು.

ತುಂಗೆದಡ · ಏಪ್ರಿಲ್ 21

ಒಂದು ವಾರ ಬರಲಿಲ್ಲ, ಕ್ಷಮಿಸಿ. ಮನೆಯಲ್ಲಿ ಒಂದು ಘಟನೆ ಆಯಿತು.

ಗಾಂಧಿಬಜಾರ್ ಅಂಕಲ್ ಬರೆದಿದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಮತ್ತೆ ಅದೇ, ಜನ ಏನಂತಾರೆ. ಆಗ ಅಮ್ಮ ಅಡುಗೆ ಮನೆಯಿಂದಲೇ ಹೇಳಿದರು: "ಹೊಸನಗರದ ಟೆಂಟಿನಲ್ಲಿ ಇಂಟರ್‌ವಲ್‌ಗೆ ಸೋಡಾ ಮಾರುತ್ತಿದ್ದದ್ದು ಯಾರು ಅಂತ ಮಗನಿಗೆ ಹೇಳಿ." ನನಗೆ ಗೊತ್ತೇ ಇರಲಿಲ್ಲ! ಅಪ್ಪ ಎಸ್ಸೆಸ್ಸೆಲ್ಸಿ ರಜೆಯಲ್ಲಿ ಟೂರಿಂಗ್ ಟಾಕೀಸ್‌ನಲ್ಲಿ ಸೋಡಾ, ಕಡಲೆಕಾಯಿ ಮಾರಿದ್ದರಂತೆ. ಒಂದೇ ಸಿನಿಮಾವನ್ನು ಹತ್ತೊಂಬತ್ತು ಸಲ ನೋಡಿದ್ದರಂತೆ. ಆ ರಾತ್ರಿ ಅಪ್ಪ ಏನೂ ಮಾತಾಡಲಿಲ್ಲ. ಬೆಳಿಗ್ಗೆ ತಾವೇ ಶರ್ಟ್ ಹಾಕಿಕೊಂಡು "ನಡಿ, ಹನ್ನೊಂದು ಗಂಟೆ ಒಳ್ಳೆಯ ಹೊತ್ತಂತೆ ಅಲ್ವಾ" ಅಂದರು.

ಎರಡು ಅಂಗಡಿಯವರು ಬೇಡ ಅಂದರು. ಮೂರನೆಯವರು ಅಪ್ಪನ ಜೊತೆ ಓದಿದವರು. ಹತ್ತರಿಂದ ನಾಲ್ಕು, ಭಾನುವಾರ ರಜೆ, ದಿನಕ್ಕೆ 250, ಶನಿವಾರ ಶನಿವಾರ ಕೈಗೆ. ಮೇ 31ಕ್ಕೆ ಕೊನೆ. ನಾಳೆಯಿಂದ ಹೋಗಬೇಕು.

ಪೇಪರ್‌ಸೀನ · ಏಪ್ರಿಲ್ 21

ನಿಮ್ಮಮ್ಮನಿಗೆ ನನ್ನದೊಂದು ನಮಸ್ಕಾರ ಹೇಳು. ಇಪ್ಪತ್ತನಾಲ್ಕು ದಿನ ಹೋದರೆ ಸೈಕಲ್ ನಿನ್ನದು. ಮೇ ಮೂರನೇ ವಾರಕ್ಕೆ ಆಯಿತು ಲೆಕ್ಕ.

ಕರಿಕೋಟು · ಏಪ್ರಿಲ್ 21

ದುಡ್ಡು ಇಡೋಕೆ ನಿನ್ನ ಹೆಸರಲ್ಲೇ ಉಳಿತಾಯ ಖಾತೆ ತೆರೆಯಬಹುದು. ಹತ್ತು ವರ್ಷ ದಾಟಿದ ಮಕ್ಕಳು ತಾವೇ ಖಾತೆ ನಡೆಸಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ. ಎಷ್ಟು ದುಡ್ಡಿನ ತನಕ ಅನ್ನೋದು ಆಯಾ ಬ್ಯಾಂಕಿನ ನಿಯಮ.

ತುಂಗೆದಡ · ಏಪ್ರಿಲ್ 26

ಮೊದಲ ವಾರ ಮುಗಿಯಿತು. ಮಂಗಳವಾರದಿಂದ ಶನಿವಾರ, ಐದು ದಿನ, 1,250 ಕೈಗೆ ಬಂತು. ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ.

ಎರಡನೇ ದಿನವೇ ತಪ್ಪು ಮಾಡಿದೆ. ಕೆಲವು ಬಂಡಲ್‌ನಲ್ಲಿ ಹನ್ನೆರಡು ಪುಸ್ತಕ ಇರುತ್ತವೆ, ಕೆಲವದರಲ್ಲಿ ಹತ್ತು. ನಾನು ಎಲ್ಲವನ್ನೂ ಹತ್ತು ಅಂತ ಲೆಕ್ಕ ಹಾಕಿ ಒಂದು ಸ್ಕೂಲಿನ ಆರ್ಡರ್‌ಗೆ ಜಾಸ್ತಿ ಕಳಿಸಿಬಿಟ್ಟೆ. ಸಾಹುಕಾರರು ಎಲ್ಲರ ಎದುರಿಗೆ "ಗಣಿತದಲ್ಲಿ ಎಷ್ಟು ಬರಬಹುದು ಅಂದುಕೊಂಡಿದ್ದೀಯಾ" ಅಂತ ಕೇಳಿದರು. ಮುಖ ಕೆಂಪಾಯಿತು. ಮಂಡ್ಯದಕ್ಕ, ಅಳಲಿಲ್ಲ. ಸ್ಕೂಲಿನವರು ಉಳಿದಿದ್ದನ್ನು ವಾಪಸ್ ಕಳಿಸಿದರು.

ನಾಲ್ಕು ಗೆರೆ ಪುಸ್ತಕ ಕೇಳೋ ಅಮ್ಮಂದಿರು ಎರಡು ಗೆರೆಯದ್ದು ತಗೊಂಡು ಹೋಗಿ ಸಂಜೆ ಬದಲಾಯಿಸೋಕೆ ಬರುತ್ತಾರೆ. ಅದಕ್ಕೆ ಈಗ ನಾನೇ ಮೊದಲು ಮಗು ಎಷ್ಟನೇ ಕ್ಲಾಸು ಅಂತ ಕೇಳುತ್ತೇನೆ. ಸಾಹುಕಾರರು ಅದನ್ನು ನೋಡಿ ಏನೂ ಅನ್ನಲಿಲ್ಲ, ಆದರೆ ಅವತ್ತು ಮಧ್ಯಾಹ್ನ ನನಗೂ ಬಾದಾಮಿ ಹಾಲು ತರಿಸಿದರು.

ಸೈಕಲ್ ಅಣ್ಣ ಮೇ ಕೊನೆ ತನಕ ಕಾಯುತ್ತೇನೆ ಅಂದಿದ್ದಾನೆ. 500 ಅಡ್ವಾನ್ಸ್ ಕೊಟ್ಟು ಚೀಟಿ ಬರೆಸಿಕೊಂಡೆ.

ಒಂದೇ ತೊಂದರೆ, ಕಾಲು ನೋವು. ಕೂರೋಕೆ ಸ್ಟೂಲ್ ಇದೆ, ಆದರೆ ಗಿರಾಕಿ ಇರುವಾಗ ಕೂರೋದು ಹೇಗೆ? ಸಂಜೆ ಹಿಮ್ಮಡಿ ಸಿಡಿಯುತ್ತದೆ. ಯಾರಿಗಾದರೂ ಉಪಾಯ ಗೊತ್ತಾ?

ಗಾಂಧಿಬಜಾರ್ ಅಂಗಡಿ · ಏಪ್ರಿಲ್ 26

ಹವಾಯಿ ಚಪ್ಪಲಿ ಹಾಕಿಕೊಂಡು ಹೋಗುತ್ತಿದ್ದೀಯಾ? ಸೋಮವಾರದಿಂದ ಶಾಲೆಯ ಶೂ ಹಾಕಿಕೋ. ಖಾಲಿ ರಟ್ಟಿನ ಡಬ್ಬ ಬಿಚ್ಚಿ ಎರಡು ಪದರ ಮಾಡಿ ನಿಲ್ಲೋ ಜಾಗದಲ್ಲಿ ಹಾಸು. ನಾವೆಲ್ಲ ಹಾಗೇ ನಿಂತವರು.

ಮಂಡ್ಯದಕ್ಕ · ಏಪ್ರಿಲ್ 26

ರಾತ್ರಿ ಬಕೆಟ್ಟಿಗೆ ಬಿಸಿ ನೀರು, ಒಂದು ಹಿಡಿ ಕಲ್ಲುಪ್ಪು. ಹತ್ತು ನಿಮಿಷ ಕಾಲಿಟ್ಟು ಕೂರು ತಮ್ಮಾ. ನಾಳೆ ಭಾನುವಾರ ಅಲ್ವಾ, ಮಲಗು.